ಮಧ್ಯಸ್ಥನ ಹೊಟ್ಟೆ

ಹಳೇ ಸೋಫಾಗಳ ನಡುವೆ ನಿಂತು ದಢಿಯ ವಾಂತಿ ಮಾಡಲು ಹೆಣಗುತ್ತಿದ್ದ. ಕತ್ತು ಚಾಚಿದ, ಬೆನ್ನು ಬಾಗಿಸಿದ. ಒಂದಿಷ್ಟು ನೊರೆ ಬಿಟ್ಟರೆ ಏನೂ ಬರಲಿಲ್ಲ. ಕರುವಿನಷ್ಟು ಎತ್ತರದ ನಾಯಿ. ಸ್ವಲ್ಪ ಹೊತ್ತಿನ ಕೆಳಗೆ ಅಂಗಳದ ತುಂಬ ಬೆಕ್ಕನ್ನು ಅಟ್ಟಿಸಿಕೊಂಡು ಓಡಿದ್ದವನ ಹೊಟ್ಟೆ ಈಗ ಊದಿಕೊಂಡು, ಆಗಷ್ಟೇ ಬಟ್ಟೆ ಬಿಗಿದ ಕುಶನ್ನಿನ ಹಾಗೆ ಗಟ್ಟಿಯಾಗಿತ್ತು.

ಭಾವ ಸೋಡಾ ಬಾಟಲಿ ಹಿಡಿದು ಬಂದ. ಕಿವಿಗೆ ಫೋನ್ ಒತ್ತಿಕೊಂಡಿದ್ದ ಭಾಮೈದ ಅವನತ್ತ ತಿರುಗಿಯೂ ನೋಡದೆ, "ದಢಿಯಾ, ಬಾಯಿಗೆ ಏನೂ ಹಾಕ್ಬಾರ್ದಂತೆ, ತಕ್ಷಣ ಕರ್ಕೊಂಡು ಬನ್ನಿ ಅಂತಿದಾರೆ ಡಾಕ್ಟ್ರು. ಹೇಳೋ ಅವ್ರಿಗೆ" ಎಂದ.

"ಬರೀ ಗ್ಯಾಸು, ಒಂದು ತೇಗು ಬಂದ್ರೆ ಸರಿಹೋಗತ್ತೆ ಅಂತ ಹೇಳೋ ಅವನಿಗೆ" ಎಂದ ಭಾವ, ಅವನೂ ನಾಯಿಗೇ.

ಇಬ್ಬರಿಗೂ ತಲೆ ನೆಟ್ಟಗೇ ಇತ್ತು. ಸೋಫಾ ರಿಪೇರಿಯ ಶೆಡ್ಡಿನಲ್ಲಿ ಭಾವನದು ಮರದ ಕೆಲಸ, ಭಾಮೈದನದು ಹೊಲಿಗೆ. ಮಖಮಲ್ಲು ಒಂದು ಕಡೆಗೆ ಸವರಿದರೆ ಹೊಳೆಯುತ್ತದೆ, ಇನ್ನೊಂದು ಕಡೆಗೆ ಮಂಕಾಗುತ್ತದೆ. ಒಮ್ಮೆ ಹಸಿರು ಮಖಮಲ್ಲನ್ನು ಅರ್ಧ ಹೀಗೆ, ಅರ್ಧ ಹಾಗೆ ಕತ್ತರಿಸಿದ್ದರಿಂದ ಒಂದೇ ಸೋಫಾ ಎರಡು ಬಣ್ಣದ್ದಾಗಿ ಕಂಡಿತ್ತು. ಗುರುತು ಹಾಕಿದವನು ನೀನು, ಕತ್ತರಿ ಹಿಡಿದವರು ನೀವು ಎಂದು ಜಗಳವಾಡಿ ಇಬ್ಬರೂ ಮಾತು ಬಿಟ್ಟರು. ಉದ್ದನೆಯ ತುಂಡೊಂದು ಸಾಕ್ಷಿಗಿರಲೆಂದು ಮೂಲೆಯಲ್ಲೇ ಉಳಿಯಿತು. ಅಂದಿನಿಂದ "ಮೊಳೆ ಮುಗೀತು ಅಂತ ಹೇಳೋ", "ಟೀ ಬಂತು ಅಂತ ಹೇಳೋ" ಎಲ್ಲವೂ ದಢಿಯನ ಮೂಲಕವೇ. ಅವನೂ ಹೇಳಿದವರ ಮುಖ ನೋಡಿ, ಆಮೇಲೆ ಕೇಳಬೇಕಾದವರ ಕಡೆ ಕತ್ತು ತಿರುಗಿಸುತ್ತಿದ್ದ. "ಮೂವರಲ್ಲಿ ಬುದ್ಧಿ ಇರೋದು ಅದೊಂದಕ್ಕೇ" ಎಂದು ಭಾವನ ಹೆಂಡತಿ ಗಂಡನಿಗೂ ತಮ್ಮನಿಗೂ ಸೇರಿಸಿ ಮಂಗಳಾರತಿ ಎತ್ತಿದ್ದಳು.

ದಢಿಯನ ಕಾಲು ಮಡಿಸಿಕೊಂಡವು. ದೊಪ್ಪನೆ ಬಿದ್ದ. ಒಸಡು ಬಿಳಿಚಿಕೊಂಡಿತ್ತು.

"ದಢಿಯಾ, ಹೇಳೋ..." ಎಂದ ಭಾಮೈದನ ಬಾಯಿ ಕಟ್ಟಿತು. ಯಾರ ಕೈಲಿ ಹೇಳಿಸುವುದು? ಹೇಳಬೇಕಾದವನೇ ನೆಲದ ಮೇಲಿದ್ದ.

"ಭಾವಾ! ನನ್ನೊಬ್ಬನ ಕೈಲಿ ಆಗಲ್ಲ, ಎತ್ತೋಣ ಬನ್ನಿ!"

ಸೋಡಾ ಬಾಟಲಿ ಉರುಳಿತು. "ಹಾಗೆ ಎತ್ತಬೇಡ್ವೋ, ಹೊಟ್ಟೆ ಅಮುಕತ್ತೆ! ಗಟ್ಟಿ ಬಟ್ಟೆ ತಾ, ದೊಡ್ಡದು."

ಕೈಗೆ ಸಿಕ್ಕಿದ್ದು ಆ ಹಸಿರು ಮಖಮಲ್ಲೇ. ದಢಿಯನನ್ನು ಅದರ ಮೇಲೆ ಸರಿಸಿ, ನಾಲ್ಕೂ ತುದಿ ಹಿಡಿದು ಎತ್ತಿದರು. "ನಿನ್ನ ಕಡೆ ಇಳಿಸ್ಬೇಡ." "ಹೊಸ್ತಿಲು, ಭಾವ." ಎಂಥೆಂಥ ಇಕ್ಕಟ್ಟಿನ ಬಾಗಿಲಲ್ಲೋ ಸೋಫಾ ದಾಟಿಸಿದವರು, ಹೆಜ್ಜೆ ತಾನಾಗಿಯೇ ಕೂಡಿಕೊಂಡಿತು.

ವ್ಯಾನಿನಲ್ಲಿ ಭಾಮೈದ ಸ್ಟಿಯರಿಂಗ್ ಹಿಡಿದ. ಭಾವ ಹಿಂದೆ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

"ಉಸಿರಾಡ್ತಿದಾನಾ ಭಾವಾ?"

"ಆಡ್ತಿದಾನೆ. ನೀನು ರಸ್ತೆ ನೋಡು." ಭಾವ ನಾಯಿಯ ಪಕ್ಕೆಯ ಮೇಲೆ ಕೈಯಿಟ್ಟು ನೋಡಿದ. "ಇನ್ನೊಂಚೂರು ಜೋರಾಗಿ ಹೋಗೋ, ನಿನ್ನ ದಮ್ಮಯ್ಯ."

ಡಾಕ್ಟರಮ್ಮ ಹೊಟ್ಟೆ ತಟ್ಟಿ ನೋಡಿ, ಪಕ್ಕೆಯ ಹತ್ತಿರ ದಪ್ಪ ಸೂಜಿ ಚುಚ್ಚಿದರು. ಗಾಳಿ ಬುಸ್ಸೆಂದು ಹೊರಬಂತು. ಎಕ್ಸ್‌ರೇ ನೋಡಿದವರೇ, "ಜಠರ ತಿರುಚ್ಕೊಂಡಿದೆ. ಈಗ್ಲೇ ಆಪರೇಷನ್ ಆಗ್ಬೇಕು. ಬೆಳಗ್ಗೆ ಊಟ ಯಾರು ಹಾಕಿದ್ದು?" ಎಂದರು.

"ನಾನು" ಎಂದರು ಇಬ್ಬರೂ.

"ನೀವೂ ಹಾಕಿದ್ರಾ?"

"ನೀನು ಹಾಕಿದ್ಯಾ?"

"ದೊಡ್ಡ ನಾಯಿಗಳಿಗೆ ಹೀಗಾಗೋದುಂಟು. ಅದ್ರಲ್ಲೂ ಹೊಟ್ಟೆ ಬಿರಿಯ ತಿಂದು ಓಡಿದ್ರೆ ಅಪಾಯ ಜಾಸ್ತಿ" ಎಂದು ಡಾಕ್ಟರಮ್ಮ ಕೈಗವಸು ಎಳೆದುಕೊಂಡರು. "ಅಲ್ಲ, ಒಂದೇ ಕಡೆ ಇರ್ತೀರಿ. ಒಬ್ಬರನ್ನೊಬ್ಬರು ಕೇಳೋದಲ್ವಾ?"

ಎಲ್ಲ ಸುದ್ದಿಯನ್ನೂ ಮುಟ್ಟಿಸಿದ್ದ ದಢಿಯ ಇದೊಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಹೇಳಲು ಅವನಿಗೇನು ಹುಚ್ಚೇ?

ಬಾಗಿಲು ಮುಚ್ಚಿತು. ಬೆಂಚಿನ ಮೇಲೆ ಭಾಮೈದ ಮುಖ ಮುಚ್ಚಿಕೊಂಡು ಅತ್ತ. ಭಾವ ಅವನ ಬೆನ್ನ ಮೇಲೆ ಕೈಯಿಟ್ಟು, ಕಣ್ಣು ಬೇರೆಡೆ ಹೊರಳಿಸಿ, "ಆ ಬಟ್ಟೆ ವಿಷಯ..." ಎಂದು ಶುರುಮಾಡಿದ.

"ಬಿಡಿ ಭಾವ. ಈಗ ಅದ್ರ ತುಂಬ ಅವನ ಕೂದಲು. ಯಾವ ಕಡೆಗೆ ಸವರಿದ್ರೂ ಒಂದೇ."

ಸಂಜೆ ಹೊತ್ತಿಗೆ ಡಾಕ್ಟರಮ್ಮ ಹೊರಬಂದರು. "ಸರಿಯಾದ ಹೊತ್ತಿಗೆ ತಂದ್ರಿ. ಜಠರ ನೆಟ್ಟಗೆ ಮಾಡಿ, ಮತ್ತೆ ತಿರುಗದ ಹಾಗೆ ಪಕ್ಕೆಗೆ ಸೇರಿಸಿ ಹೊಲಿದಿದೀನಿ. ಬದುಕ್ಕೋತಾನೆ."

"ಹೊಲಿಗೆ ಗಟ್ಟಿ ಇದೆಯಾ ಮೇಡಂ?" ಎಂದ ಭಾಮೈದ, ಕಣ್ಣೊರೆಸಿಕೊಳ್ಳುತ್ತ.

"ಸುಮ್ನಿರೋ" ಎಂದು ಗದರಿದ ಭಾವನೂ ಅಳುತ್ತಿದ್ದ.

ಕೆಲವು ದಿನಗಳ ನಂತರ ದಢಿಯ ಬೋಳಿಸಿದ ಹೊಟ್ಟೆ ಹೊತ್ತು ಶೆಡ್ಡಿಗೆ ಬಂದು ಹಸಿರು ಮಖಮಲ್ಲಿನ ಮೇಲೆ ಒರಗಿದ. ಅವನಿಗೆ ಇನ್ನು ಮೇಲೆ ಸ್ವಲ್ಪಸ್ವಲ್ಪವೇ ಊಟ. ಭಾವ ಬಟ್ಟಲು ಹಿಡಿದು ಬಂದು, ಅಭ್ಯಾಸಬಲದಿಂದ, "ದಢಿಯಾ, ಬೆಳಗಿನದು ಹಾಕಾಯ್ತಾ ಅಂತ ಕೇಳೋ..." ಎಂದವನು ನಾಲಿಗೆ ಕಚ್ಚಿಕೊಂಡ.

ದಢಿಯ ಕಷ್ಟಪಟ್ಟು ತಲೆಯೆತ್ತಿ, ಎಂದಿನಂತೆ ಭಾಮೈದನ ಕಡೆ ಕತ್ತು ತಿರುಗಿಸಿದ.

ಭಾಮೈದ ಸೂಜಿ ಕೆಳಗಿಟ್ಟ. "ನೀನು ಮಲ್ಕೊಳ್ಳೋ, ನಿಂಗಿನ್ನು ಆ ಕೆಲಸ ಇಲ್ಲ" ಎಂದು ಅವನ ತಲೆ ಸವರಿ, ಭಾವನ ಮುಖ ನೋಡಿದ. "ಇನ್ನೂ ಹಾಕಿಲ್ಲ ಭಾವ. ನೀವೇ ಹಾಕಿ."