ಗೋಡೆಯಾಚೆಯ ಬೈಗುಳ

ಮನಸ್ಸಿನ ಕಾಯಿಲೆ ಹಿಡಿದಮೇಲೆ ವಾರಿಜಾ ಕೋಣೆ ಬಿಟ್ಟು ಹೊರಬರುವುದೇ ಅಪರೂಪವಾಗಿತ್ತು. ಬಾಗಿಲವರೆಗೆ ನಡೆಯುವುದೂ ಬೆಟ್ಟ ಹತ್ತಿದ ಹಾಗೆ. ಅಂದು ಸಂಜೆ ಪಕ್ಕದ ಕೋಣೆಯಲ್ಲಿ ಯಾರೋ ಬೈಯುವುದು ಕೇಳಿಸಿತು.

"ದಂಡಪಿಂಡ! ಕೂಳಿಗೆ ಕೇಡು, ಭೂಮಿಗೆ ಭಾರ! ನಿನ್ನಿಂದ ಎಲ್ಲರಿಗೂ ಕಷ್ಟ!"

ಗೋಡೆ ಹಿಡಿದುಕೊಂಡು ಹೋಗಿ ನೋಡಿದರೆ, ಹತ್ತು ವರ್ಷದ ಮಗಳು ಒಬ್ಬಳೇ ಕೂತು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದಳು. ಎದುರಿಗೆ ತಪ್ಪಾದ ಲೆಕ್ಕ.

ವಾರಿಜಾ ಆ ಕೈ ಹಿಡಿದು ಮಗಳನ್ನು ಎದೆಗೆ ಒತ್ತಿಕೊಂಡಳು. "ಆಗ್ಲಿಲ್ಲ ಅಂದ್ರೆ ಏನಾಯ್ತು ಕಂದಾ? ಅದಕ್ಕೆ ಹೀಗೆಲ್ಲ ಬೈಕೋತಾರಾ? ಯಾರು ನಿಂಗೆ ಇಂಥ ಮಾತು ಅಂದೋರು? ಅಜ್ಜೀನಾ?"

"ಯಾರೂ ಅಂದಿಲ್ಲಮ್ಮ."

"ಮತ್ತೆಲ್ಲಿ ಕಲಿತೆ?"

"ನೀನು ಬಾಗಿಲು ಹಾಕ್ಕೊಂಡು ದಿನಾ ನಿಂಗೇ ಬೈಕೋತೀಯಲ್ಲಮ್ಮ, ಇಲ್ಲಿಗೆ ಎಲ್ಲಾ ಕೇಳಿಸುತ್ತೆ."