ಮೊದಲ ಹತ್ತು ಜನ

"ಪೂರ್ತಿ ಫೀಸು ಮಾಫಿ. ಷರತ್ತು ಒಂದೇ. ಪ್ರತಿ ವರ್ಷ ನಿಮ್ಮ ಮಗಳು ಅವಳ ಸೆಕ್ಷನ್ನಿನ ಮೊದಲ ಹತ್ತು ಜನರಲ್ಲಿ ಇರಬೇಕು. ತಪ್ಪಿದ್ರೆ ಮುಂದಿನ ವರ್ಷದಿಂದ ಪೂರ್ತಿ ಫೀಸು ನೀವೇ ಕಟ್ಟಬೇಕು," ಎಂದರು ಖಾಸಗಿ ವಿಶ್ವವಿದ್ಯಾಲಯದ ಅಧಿಕಾರಿ.

ಅಪ್ಪ ನಕ್ಕ. "ಹತ್ತು ಯಾಕೆ ಸಾರ್? ನಮ್ಮ ಚಂಪಾ ಒಂದನೇ ಕ್ಲಾಸಿಂದ ಫಸ್ಟ್ ಬಿಟ್ಟು ಸೆಕೆಂಡ್ ಬಂದೋಳಲ್ಲ."

"ಅದು ಗೊತ್ತಿದ್ದೇ ಕರೆಸಿರೋದು."

ಅಪ್ಪ ಅವತ್ತೇ ಸರ್ಕಾರಿ ಕಾಲೇಜಿನ ಸೀಟು ಬಿಟ್ಟುಕೊಟ್ಟು, ಬೀದಿಗೆಲ್ಲ ಮೈಸೂರುಪಾಕು ಹಂಚಿದ.

ಮೊದಲ ದಿನ ಚಂಪಾ ಮುಂದಿನ ಬೆಂಚಿನಲ್ಲೇ ಕೂತಳು. ಮೇಡಂ ಬಂದವರೇ ಕೇಳಿದರು: "ಈ ಸೆಕ್ಷನ್ನಿನಲ್ಲಿ ಸ್ಕಾಲರ್‌ಶಿಪ್ ಮೇಲೆ ಬಂದೋರು ಯಾರ್ಯಾರು? ಕೈ ಎತ್ತಿ."

ಚಂಪಾ ಎಲ್ಲರಿಗಿಂತ ಮೊದಲು ಕೈ ಎತ್ತಿ, ಹೆಮ್ಮೆಯಿಂದ ಹಿಂದೆ ತಿರುಗಿ ನೋಡಿದಳು.

ತರಗತಿಯ ಅರವತ್ತೂ ಜನರ ಕೈ ಮೇಲಿತ್ತು.