ಕಣಕಟ್ಟೆ ಬಾವಿಯ ಸೀಸೆ

“ಕಣಕಟ್ಟೆ ಊರಬಾವಿ. ನೀರು ಕುಡಿಯಲು ಯೋಗ್ಯವಲ್ಲ,” ಎಂದು ಪರೀಕ್ಷೆಯ ವರದಿ ಓದಿ, ಬೆಂಗಳೂರಿನಿಂದ ಬಂದಿದ್ದ ಡಾಕ್ಟರು ಖಾಲಿ ಸೀಸೆಯನ್ನು ಮೇಜಿನ ಮೇಲಿಟ್ಟರು. ಅರಸೀಕೆರೆಯ ಸಭೆಗೆ ಸೇರಿದ್ದ ಹೆಲ್ತ್ ಇನ್‌ಸ್ಪೆಕ್ಟರುಗಳೆಲ್ಲ ಪಾರ್ಥಸಾರಥಿಯ ಕಡೆ ತಿರುಗಿದರು. ಸೀಸೆಗೆ ಅಂಟಿಸಿದ್ದ ಚೀಟಿಯ ಮೇಲಿದ್ದದ್ದು ಅವನ ಅಕ್ಷರ.

ಅವನು ಎದ್ದು ಹೋಗಿ ಸೀಸೆಯನ್ನು ಕೈಗೆತ್ತಿಕೊಂಡು, ಚೀಟಿಯನ್ನು ಹೆಬ್ಬೆರಳಿನಿಂದ ಉಜ್ಜತೊಡಗಿದ. ಕಳೆದ ತಿಂಗಳು ಕಣಕಟ್ಟೆಯ ಬಸ್ಸು ತಪ್ಪಿತ್ತು. ನೀರಿನ ಸೀಸೆ ಪರೀಕ್ಷೆಗೆಂದು ಸಂಜೆಯ ರೈಲಿನಲ್ಲಿ ಬೆಂಗಳೂರಿಗೆ ಹೋಗಲೇಬೇಕಿತ್ತು. ತಿಳಿನೀರೆಲ್ಲ ಒಂದೇ ಎಂದುಕೊಂಡು ತನ್ನ ಮನೆಯ ಹಿತ್ತಿಲ ಬಾವಿಯಿಂದಲೇ ತುಂಬಿ, ಬಿರಡೆಗೆ ಅರಗಿನ ಮುದ್ರೆ ಹಾಕಿ, ಕಣಕಟ್ಟೆ ಎಂದು ಬರೆದಿದ್ದ. ಸೇದುವಾಗ ಹಗ್ಗದ ತುದಿ ಹಿಡಿದು ನಿಂತಿದ್ದವಳು ಮೂರು ವರ್ಷದ ಮಗಳು ಕೋಮಲವಲ್ಲಿ.

ಆಮೇಲೆ ಹತ್ತು ದಿನಕ್ಕೆ ಅವಳು ವಾಂತಿಭೇದಿಯಲ್ಲಿ ತೀರಿಕೊಂಡಳು. “ಇನ್‌ಸ್ಪೆಕ್ಟರ್ ಹೆಂಡ್ತಿಯಾಗಿ, ಬೀದೀಲಿ ಕೊಯ್ದಿಟ್ಟ ಹಣ್ಣು ಕೊಡಿಸಿದ್ಯಲ್ಲೇ,” ಎಂದು ಅವನು ಕನಕಲಕ್ಷ್ಮಿಗೆ ಹೇಳಿದ್ದು ಒಂದೇ ಸಲ. ಅವಳು ಅಂದಿನಿಂದ ಹಣ್ಣು ಮುಟ್ಟಿರಲಿಲ್ಲ. ಇವತ್ತು ಬೆಳಿಗ್ಗೆಯೂ ಅದೇ ಹಿತ್ತಿಲ ಬಾವಿಯ ನೀರು ಸೇದಿ, ಬಟ್ಟೆಯಲ್ಲಿ ಸೋಸಿ, ಅವನ ಕೈಗೆ ಲೋಟ ಕೊಟ್ಟಿದ್ದಳು.

“ನಾಳೆನೇ ಹೋಗಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕ್ಸಿ,” ಎಂದ ಡಾಕ್ಟರು ಬರೆದುಕೊಳ್ಳಲು ಪೆನ್ನಿನ ಮುಚ್ಚಳ ತೆಗೆದರು. “ಆ ನೀರು ಕುಡಿದು ಯಾರಾದ್ರೂ ಸತ್ತಿದ್ದಾರೇನ್ರೀ?”

ಚೀಟಿ ಹರಿದು ಅವನ ಹೆಬ್ಬೆರಳಿಗೆ ಅಂಟಿಕೊಂಡಿತ್ತು.

“ಕಣಕಟ್ಟೇಲಿ ಯಾರೂ ಸತ್ತಿಲ್ಲ ಸಾರ್.”